ದೆಕ್ಲೂನಾಗೆ ಹುಣಸೆಹಣ್ಣು

ಪರ್ತಿನ ಕ್ಯಾನಿಂಗ್ ವೇಲ್‌ನಲ್ಲಿ ನಮ್ಮವರ ಮನೆಗೆ ಗೃಹಪ್ರವೇಶಕ್ಕೋ ಮಕ್ಕಳ ಹುಟ್ಟುಹಬ್ಬಕ್ಕೋ ಹೋದರೆ ನನಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ. ಗಂಡಸರೆಲ್ಲ ಹಿತ್ತಲಲ್ಲಿ ಬಾರ್ಬೆಕ್ಯೂ ಒಲೆಯ ಸುತ್ತ ನಿಂತು ಮನೆಸಾಲದ ಬಡ್ಡಿಯ ಬಗ್ಗೆ ಮಾತಾಡುತ್ತಿರುತ್ತಾರೆ. ಹೆಂಗಸರು ಅಡುಗೆಮನೆಯಲ್ಲಿ. ಹೊಸದಾಗಿ ಪರಿಚಯವಾದವರು ಯಾರೋ ಪೇಪರ್ ಪ್ಲೇಟು ನನ್ನ ಕೈಗೆ ಕೊಡುತ್ತ ಕೇಳುತ್ತಾರೆ, "ನೀವೇನ್ ಮಾಡ್ಕೊಂಡಿದೀರಿ?" ನಾನು ಹೇಳುತ್ತೇನೆ: ಇಟಲಿಯಲ್ಲಿ ಹಿಂದೆ ವೋಲ್ಸ್ಕಿಯನ್ ಅಂತ ಒಂದು ಭಾಷೆ ಇತ್ತು, ಅದು ಸತ್ತು ಎರಡು ಸಾವಿರ ವರ್ಷವಾಯಿತು, ನಾನು ಅದರಲ್ಲಿ ಪಿಎಚ್‌ಡಿ ಮಾಡಿದ್ದೇನೆ.

"ಓ, ಅದರಲ್ಲಿ ತುಂಬಾ ಪುಸ್ತಕ ಇದೆಯಾ?"

"ಇಲ್ಲ. ನಾಲ್ಕು ಸಾಲಿನ ಒಂದು ಶಾಸನ ಇದೆ. ಇನ್ನು ಏನೋ ಒಂದಿಷ್ಟು ಚೂರುಪಾರು."

ಕಳೆದ ಸಲ ಹೀಗಂದಾಗ ಬಾಗಿಲಲ್ಲಿ ನಿಂತಿದ್ದ ಒಬ್ಬ ಮಹಾಶಯ ಬಿಯರ್ ಕ್ಯಾನು ಹಿಡಿದೇ ಬಾಯಿ ಹಾಕಿದ. ಇಲ್ಲಿಯವರು ಮಧ್ಯಾಹ್ನಕ್ಕೆ ಆರ್ವೋ ಅನ್ನುತ್ತಾರೆ, ಅವನಿಗೂ ಅದು ಚೆನ್ನಾಗಿ ರೂಢಿಯಾಗಿತ್ತು. "ನಾಲ್ಕೇ ಲೈನಾ? ಹಂಗಾದ್ರೆ ಪಿಎಚ್‌ಡಿ ಒಂದ್ ಆರ್ವೋದಲ್ಲೇ ಮುಗಿದುಹೋಗಿರ್ಬೇಕಲ್ಲ ಮೇಡಂ!"

ಎಲ್ಲರೂ ನಕ್ಕರು. ಮೊದಲೆಲ್ಲ ನಾನೂ ನಗುತ್ತಿದ್ದೆ. ಈಗ ಆ ಶ್ರಮ ತೆಗೆದುಕೊಳ್ಳುವುದಿಲ್ಲ. ಗಂಟುಮುಖದ ಹೆಂಗಸು ಅಂತ ಕ್ಯಾನಿಂಗ್ ವೇಲ್‌ನಲ್ಲಿ ನನಗೆ ಹೆಸರು ಬಂದಿದೆಯಂತೆ, ಬರಲಿ.

ನಗುವವರಾದರೂ ಪರವಾಗಿಲ್ಲ. ನನಗೆ ಮೈ ಉರಿಯುವುದು ನಿಟ್ಟುಸಿರು ಬಿಡುವವರನ್ನು ಕಂಡರೆ. "ನಮ್ಮ ಕನ್ನಡಕ್ಕೂ ಇಲ್ಲಿ ಅದೇ ಗತಿ ಬಿಡಿ" ಅನ್ನುತ್ತಾರೆ, ಅನ್ನುತ್ತಲೇ ಮಗನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶೂ ಹಾಕಿಕೋ ಅನ್ನುತ್ತಾರೆ. ಕನ್ನಡ ಆಡಲು ಕೋಟಿಗಟ್ಟಲೆ ಬಾಯಿಗಳಿವೆ, ಅದಕ್ಕೇನೂ ಆಗಿಲ್ಲ. ವೋಲ್ಸ್ಕಿ ಜನ ರೋಮಿನ ದಕ್ಷಿಣದ ಗುಡ್ಡಗಳಲ್ಲಿದ್ದವರು, ತಲೆಮಾರುಗಟ್ಟಲೆ ರೋಮಿನವರ ಜೊತೆ ಹೊಡೆದಾಡಿದವರು. ಸೋತಮೇಲೆ ರೋಮಿನವರು ಇವರ ನೆಲದ ಮೇಲೆ ತಮ್ಮವರನ್ನು ತಂದು ಕೂರಿಸಿದರು, ಭಾಷೆ ಅಲ್ಲಿಗೆ ಕರಗಿತು. ನಮ್ಮವರ ಡೈನಿಂಗ್ ಟೇಬಲ್ಲಿಗೆ ಯಾವ ಸೈನ್ಯವೂ ಬಂದಿಲ್ಲ. ನನ್ನ ಮಗಳೂ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ, ಆದ್ದರಿಂದ ಇದನ್ನು ಹೇಳುವ ಅಧಿಕಾರ ನನಗಿಲ್ಲ. ಆದರೂ ಹೇಳುತ್ತೇನೆ.

ನನಗೆ ಈ ಹುಚ್ಚು ಹಿಡಿದದ್ದು ಅಡಿಲೇಡಿನಲ್ಲಿ. ಅದರ ಬೇರು ಮಾತ್ರ ಮೈಸೂರಿನಲ್ಲಿತ್ತು. ಎಂ.ಎ. ಓದುವಾಗ ನಮ್ಮ ಮೇಷ್ಟ್ರು ಶಾಸನದ ಅಚ್ಚು ತೆಗೆಯುವುದನ್ನು ಕಲಿಸಿದ್ದರು. ಕಲ್ಲನ್ನು ಬರೀ ನೀರಿನಿಂದ ತೊಳೆಯಬೇಕು. ಒದ್ದೆ ಕಾಗದ ಹಾಸಿ, ಬ್ರಶ್ಶಿನಿಂದ ಬಡಿದು ಬಡಿದು ಅಕ್ಷರದ ಗುಳಿಯೊಳಗೆ ಕೂರಿಸಬೇಕು. ಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತಿದರೆ ಕಪ್ಪು ನೆಲದ ಮೇಲೆ ಅಕ್ಷರಗಳು ಬೆಳ್ಳಗೆ ಎದ್ದುಬರುತ್ತವೆ. ಎಷ್ಟೋ ಊರುಗಳಲ್ಲಿ ಜನ ಶಾಸನದ ಕಲ್ಲಿಗೆ ಎಣ್ಣೆ ಸುರಿದು, ಅರಿಶಿನ ಕುಂಕುಮ ಮೆತ್ತಿ, ದೇವರು ಮಾಡಿಬಿಟ್ಟಿರುತ್ತಿದ್ದರು. ಓದಲು ಒಂದಕ್ಷರವೂ ಸಿಗುತ್ತಿರಲಿಲ್ಲ. ಮೇಷ್ಟ್ರು ಹಲ್ಲು ಕಡಿಯುತ್ತಿದ್ದರು. ನಾವು ಹುಡುಗಿಯರು ಮುಖ ಆಚೆ ತಿರುಗಿಸಿಕೊಂಡು ನಗುತ್ತಿದ್ದೆವು.

ಮದುವೆಯಾಗಿ ಅಡಿಲೇಡಿಗೆ ಬಂದೆ. ಗಂಡ ಇಂಜಿನಿಯರು. ಕಿಲ್ಬರ್ನ್‌ನಲ್ಲಿ ಅವರ ಕಾರ್ಖಾನೆಗೆ ಹತ್ತಿರವಾಗಲಿ ಅಂತ ಹಳೆಯದೊಂದು ಮನೆ ಬಾಡಿಗೆಗೆ ಹಿಡಿದಿದ್ದರು. ಬೆಳಗ್ಗೆ ಅವರು ಹೋದಮೇಲೆ ಗೂಡ್ಸ್ ರೈಲಿನ ಸದ್ದು ಕೇಳುತ್ತ ಕೂತಿರುವುದು ನನ್ನ ಕೆಲಸ. ಹೀಗೇ ಇದ್ದರೆ ತಲೆ ಕೆಡುತ್ತದೆ ಅನ್ನಿಸಿ ಒಂದು ದಿನ ಯೂನಿವರ್ಸಿಟಿಗೆ ಹೋಗಿ, ಪುರಾತನ ಭಾಷೆಗಳ ವಿಭಾಗದ ಬಾಗಿಲು ತಟ್ಟಿದೆ. ಒಳಗಿದ್ದವರು ವಯಸ್ಸಾದ ಒಬ್ಬ ಹೆಂಗಸು, ಪ್ರೊಫೆಸರ್. ಆಕೆಯ ಮೇಜಿನ ಮೇಲೆ ಅರ್ಧ ಕುಡಿದ ಟೀ ಕಪ್ಪುಗಳು ಸಾಲಾಗಿ ತಣ್ಣಗಾಗುತ್ತಿದ್ದವು. ನನಗೆ ಅಚ್ಚು ತೆಗೆಯುವುದು ಬರುತ್ತದೆ ಅಂದದ್ದೇ ತಡ, ಮಕ್ಕಳ ಹಾಗೆ ಎದ್ದು ನಿಂತು, ಈಗಲೇ ತೋರಿಸು ಅಂದರು. ಕಟ್ಟಡದ ಶಂಕುಸ್ಥಾಪನೆಯ ಕಲ್ಲಿನ ಮೇಲೆ ತೋರಿಸಿದೆ. ಆಕೆಯ ಬಿಳಿ ಶರ್ಟಿಗೆ ಮಸಿಯಾಯಿತು, ತಲೆಕೆಡಿಸಿಕೊಳ್ಳಲಿಲ್ಲ.

ಆಕೆಯ ಕೊಠಡಿಯ ಹೊರಗೆ ಕಾರಿಡಾರಿನಲ್ಲಿ ಒಂದು ಬೀರು ಇತ್ತು. ಅದರ ತುಂಬ ಶಾಸನಗಳ ಪ್ರತಿಗಳು. ಹಿಂದಿನ ಕಾಲದಲ್ಲಿ ವಿದ್ಯಾರ್ಥಿಗಳಿಗೆ ಕಲಿಸಲು ಯೂರೋಪಿನಲ್ಲಿ ಮಾಡಿಸಿ ತರಿಸಿದ್ದವು. ಅದರಲ್ಲೊಂದು ಆ ವೋಲ್ಸ್ಕಿಯನ್ ಫಲಕ. ಮೂಲದ್ದು ಕಂಚಿನದು, ನೇಪಲ್ಸಿನ ಮ್ಯೂಸಿಯಮ್ಮಿನಲ್ಲಿದೆ. ನಮ್ಮದು ಅದರ ಅಚ್ಚಿನ ಮೇಲೆ ತೆಳ್ಳಗೆ ತಾಮ್ರ ಕೂರಿಸಿ, ಹಿಂದೆ ಸೀಸ ತುಂಬಿ, ಮೂಲದ ಬಣ್ಣ ಬರಲೆಂದು ಕಪ್ಪು ಹಿಡಿಸಿದ ಪ್ರತಿ. ಗೇಣುದ್ದದ ಪಟ್ಟಿ. ಮೇಲೆ ನಾಲ್ಕು ಸಾಲು. ದೆಕ್ಲೂನಾ ಎಂಬ ದೇವಿಯ ಹೆಸರಿನಿಂದ ಶುರುವಾಗುತ್ತದೆ. ಅವಳದ್ದನ್ನು ಯಾರಾದರೂ ಮುಟ್ಟಿದರೆ, ತೆಗೆದರೆ, ಎತ್ತು ಕೊಡಬೇಕು, ದ್ರಾಕ್ಷಾರಸ ಕೊಡಬೇಕು ಅಂತೇನೋ ಕಟ್ಟಳೆ. ಕೊನೆಯಲ್ಲಿ ಅದನ್ನು ಹಾಕಿಸಿದ ಇಬ್ಬರು ಅಧಿಕಾರಿಗಳ ಹೆಸರು. ಅಷ್ಟೇ. ಆ ಅಷ್ಟರ ಮೇಲೂ ವಿದ್ವಾಂಸರು ಒಬ್ಬರಂದದ್ದನ್ನು ಇನ್ನೊಬ್ಬರು ಒಪ್ಪುವುದಿಲ್ಲ. ಈ ದೆಕ್ಲೂನಾ ಯಾರು, ಏನು ಕೊಡುತ್ತಿದ್ದಳು, ಮುನಿದರೆ ಏನು ಮಾಡುತ್ತಿದ್ದಳು, ಯಾರಿಗೂ ಗೊತ್ತಿಲ್ಲ. ನನಗೆ ತಿಳಿದಮಟ್ಟಿಗೆ ಆ ಫಲಕ ಬಿಟ್ಟರೆ ಅವಳ ಹೆಸರು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ.

ಆ ನಾಲ್ಕು ಸಾಲಿಗೆ ನನ್ನ ಪ್ರಾಯದ ಒಳ್ಳೆಯ ವರ್ಷಗಳನ್ನು ಕೊಟ್ಟೆ, ಸಂತೋಷವಾಗಿ ಕೊಟ್ಟೆ. ಪದವಿ ಬಂತು. ಅದೇ ಸಮಯಕ್ಕೆ ಗಂಡನಿಗೆ ಬ್ರಿಸ್ಬೇನಿನಲ್ಲಿ ಕೆಲಸವೂ ಬಂತು. ಹೊರಡುವ ಮುಂಚೆ ಪ್ರೊಫೆಸರ್ ಫಲಕವನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. ಇಲ್ಲಿ ಇದನ್ನು ಓದುವವರು ಬೇರೆ ಯಾರೂ ಇಲ್ಲ, ತೆಗೆದುಕೊಂಡು ಹೋಗು, ನಿನಗೆ ಇಲ್ಲಿ ಕೆಲಸ ಸಿಕ್ಕ ದಿನ ಇದನ್ನೂ ಕರೆದುಕೊಂಡು ಬಾ ಅಂದರು. ವಸ್ತುವಿನ ವಿಷಯದಲ್ಲಿ ಕರೆದುಕೊಂಡು ಬಾ ಅಂದದ್ದು ನನಗೆ ಬಹಳ ಇಷ್ಟವಾಗಿತ್ತು. ಅವತ್ತಿನಿಂದ ನನಗೆ ಬೇಕಾಗಿದ್ದದ್ದು ಒಂದೇ: ಈ ಓದುವ ಕೆಲಸಕ್ಕೆ ಜಗತ್ತಿನಲ್ಲಿ ಯಾರಾದರೂ ಒಬ್ಬರು ನನಗೆ ಕುರ್ಚಿ ಕೊಡಬೇಕು.

ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿ ಯಾರು ಕೊಡುತ್ತಾರೆ? ಮಗಳು ಹುಟ್ಟಿದಳು. ನಾನು ಅಕ್ಕಪಕ್ಕದ ಮಕ್ಕಳಿಗೆ ಶಾಲೆಯ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪಾಠ ಹೇಳಿದೆ. ಪುಸ್ತಕದ ಕಪಾಟಿನಲ್ಲಿ, ನಿಘಂಟುಗಳ ಮುಂದೆ, ಫಲಕ ಒಂದು ಪುಟ್ಟ ಸ್ಟ್ಯಾಂಡಿನ ಮೇಲೆ ಕೂತಿರುತ್ತಿತ್ತು. ಗಂಡನ ಸ್ನೇಹಿತರು ಅದನ್ನು ಹಳೇ ಕಾರಿನ ನಂಬರ್ ಪ್ಲೇಟಾ ಅಂತ ಕೇಳಿದ್ದಾರೆ.

ಮಗಳು ಪ್ರೀಸ್ಕೂಲಿಗೆ ಹೋಗುವ ಹೊತ್ತಿಗೆ ನಮ್ಮತ್ತೆ ಮೈಸೂರಿನಿಂದ ಬಂದು ಕೆಲವು ತಿಂಗಳು ನಮ್ಮ ಜೊತೆ ಇದ್ದರು. ಕೂತಲ್ಲಿ ಕೂರದ ಜೀವ. ಅವರ ಕಣ್ಣಿಗೆ ಕಪ್ಪಾದ ಲೋಹ ಅಂದರೆ ಮೂಗು ಒರೆಸದ ಮಗುವನ್ನು ಕಂಡ ಹಾಗೆ, ತಡೆದುಕೊಳ್ಳಲು ಆಗುತ್ತಿರಲಿಲ್ಲ. ಸೂಟ್‌ಕೇಸಿನಲ್ಲಿ ಹಿತ್ತಾಳೆಯ ದೀಪದ ಕಂಬಗಳು ಬಂದಿದ್ದವು, ಪಂಚಪಾತ್ರೆ ಬಂದಿತ್ತು. ಗುರುವಾರ ಸಂಜೆ ಅಡುಗೆಮನೆಯ ಸಿಂಕಿನಲ್ಲಿ ಹುಣಸೆಹಣ್ಣು, ಉಪ್ಪು, ಸ್ಕ್ರಬ್ಬರು ಇಟ್ಟುಕೊಂಡು ನಿಂತರೆಂದರೆ ಎಲ್ಲ ಥಳಥಳ ಹೊಳೆಯಬೇಕು. ಮಾರನೆಯ ದಿನ ಶುಕ್ರವಾರ.

ಬಂದ ಹೊಸದರಲ್ಲೇ ಕಪಾಟಿನ ಮುಂದೆ ನಿಂತು ಕೇಳಿದರು. "ಅದೇನೇ ಅದು, ಕರೀ ತಗಡು?"

ಹೇಳಿದೆ. ನಾನು ಯಾರಿಗೂ ಅಷ್ಟು ಬಿಡಿಸಿ ಹೇಳಿರಲಿಲ್ಲ, ಯಾರೂ ಅಷ್ಟು ಹೊತ್ತು ಕೇಳಿರಲೂ ಇಲ್ಲ. ಕೊನೆಗೆ ಅವರು, "ಅಂದ್ರೆ ಇದು ಅಮ್ಮನೋರದಾ?" ಅಂದರು.

"ಹೂಂ ಅತ್ತೆ. ಅವರ ದೇವಿ. ಇದೊಂದರಲ್ಲಿ ಬಿಟ್ರೆ ಅವಳ ಹೆಸರು ಎಲ್ಲೂ ಇಲ್ಲ."

"ಪೂಜೆ ಮಾಡೋರು?"

"ಯಾರೂ ಇಲ್ಲ. ಆ ಜನಾನೇ ಇಲ್ವಲ್ಲ."

"ಅಯ್ಯೋ ಪಾಪ," ಅಂದರು ಅತ್ತೆ. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಪ್ರೊಫೆಸರ್ ಫೋನು ಮಾಡಿದರು. ಆಕೆ ನಿವೃತ್ತರಾಗಿದ್ದರು, ಆದರೆ ವಿಭಾಗದ ಸುದ್ದಿ ಬಿಟ್ಟಿರಲಿಲ್ಲ. ಆ ಬೀರುವಿನ ಪ್ರತಿಗಳನ್ನು ಒಪ್ಪವಾಗಿ ಜೋಡಿಸಿ ಜನರಿಗೆ ತೋರಿಸಲು, ಜೊತೆಗೆ ಶಾಸನ ಓದುವುದನ್ನು ಕಲಿಸಲು ಒಂದು ಹುದ್ದೆ ಬರುತ್ತಿದೆಯಂತೆ. ಕಾಂಟ್ರಾಕ್ಟು, ಚಿಕ್ಕದು. ಆದರೆ ಅದು ನಿನ್ನದೇ ಹುದ್ದೆ, ನಿನ್ನ ಅಳತೆಗೇ ಹೊಲಿದ ಹಾಗಿದೆ ಅಂದರು. ಸಂದರ್ಶನಕ್ಕೆ ಫಲಕವನ್ನೂ ಕರೆದುಕೊಂಡು ಬಾ, ಅದನ್ನು ಹೇಗೆ ಇಟ್ಟುಕೊಂಡಿದ್ದೀಯ ಅಂತ ನೋಡಿದರೇ ಅವರಿಗೆ ನೀನು ಎಂಥವಳು ಅಂತ ಗೊತ್ತಾಗುತ್ತದೆ. ಹೀಗಂದಿದ್ದರು. ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಗಂಡನಿಗೆ ಹೇಳಿದೆ. ಅವರು ಫೋನಿನಿಂದ ತಲೆ ಎತ್ತಲಿಲ್ಲ.

"ಅಡಿಲೇಡಾ? ಕಾಂಟ್ರಾಕ್ಟ್ ಕೆಲಸಕ್ಕೆ? ನಾನೇನ್ ಮಾಡ್ಲಿ, ಮಗು ಸ್ಕೂಲು?"

"ನಿಮ್ಮ ಕೆಲಸಕ್ಕೆ ನಾನು ಇಲ್ಲಿಗೆ ಬರ್ಲಿಲ್ವೇನ್ರೀ?"

"ಅದು ಬೇರೆ, ಇದು ಬೇರೆ. ಹೋಗ್ಬಾ, ನೋಡೋಣ. ಇಂಟರ್‌ವ್ಯೂ ತಾನೆ."

ಆ ನೋಡೋಣ ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಏನರ್ಥ ಅಂತ ನನಗೆ ಗೊತ್ತು. ಮಾತು ಕೇಳಿಸಿಕೊಳ್ಳುತ್ತ ಬೀನ್ಸ್ ಹೆಚ್ಚುತ್ತಿದ್ದ ಅತ್ತೆ ಚಾಕು ಕೆಳಗಿಟ್ಟು ಹೇಳಿದರು. "ಹೋಗಮ್ಮ ನೀನು. ಮಗೂನ ನಾನು ನೋಡ್ಕೋತೀನಿ. ಅವನಿಗೆ ಅನ್ನ ಹಾಕಿದ್ರೆ ಸಾಕು, ಬದುಕ್ಕೋತಾನೆ." ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಕೆಲಸದ ಪರವಾಗಿ ಆ ಮನೆತನದವರೊಬ್ಬರು ಆಡಿದ ಮೊದಲ ಮಾತು ಅದು. ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಸಂದರ್ಶನ ಸೋಮವಾರ. ಅದರ ಹಿಂದಿನ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ನಾನು ಹೂವು, ವೀಳ್ಯದೆಲೆ, ತೆಂಗಿನಕಾಯಿ ಅಂತ ಇಂಡಿಯನ್ ಅಂಗಡಿಗೆ ಹೋಗಿದ್ದೆ. ಹಬ್ಬದ ದಿನ ಅಲ್ಲಿ ಯುದ್ಧ, ಬರುವುದು ತಡವಾಯಿತು. ಮನೆಗೆ ಬಂದಾಗ ಮನೆಯಲ್ಲಿದ್ದ ಕಾಯಿ ಇಟ್ಟೇ ಕಳಶ ಕೂರಿಸಿ ಆಗಿತ್ತು. ಬೆಳ್ಳಿಯ ಮುಖವಾಡ, ಮೇಲೆ ಹಸಿರು ರವಿಕೆ ಕಣ, ಎರಡೂ ಕಡೆ ದೀಪ. ಬಲಗಡೆ, ಒಂದು ಮಣೆಯ ಮೇಲೆ, ಹೊಸ ತಾಮ್ರದ ಚೊಂಬಿನ ಹಾಗೆ ಫಳಫಳ ಹೊಳೆಯುತ್ತ ಏನೋ ಇತ್ತು. ಅದಕ್ಕೆ ಗೆಜ್ಜೆವಸ್ತ್ರ ಏರಿಸಿದ್ದರು. ಮಧ್ಯದಲ್ಲಿ ಅರಿಶಿನ, ಕುಂಕುಮ. ಹತ್ತಿರ ಹೋಗುವ ತನಕ ನನಗೆ ಅದು ಏನಂತ ಹೊಳೆಯಲೇ ಇಲ್ಲ, ಅಥವಾ ಹೊಳೆಯುವುದು ಬೇಡ ಅಂತ ಮನಸ್ಸು ತಡೆಯುತ್ತಿತ್ತು.

ಕಪ್ಪು ಪೂರ್ತಿ ಹೋಗಿತ್ತು. ಆ ಕಪ್ಪಿನಿಂದಲೇ ಅಕ್ಷರ ಓದಲು ಆಗುತ್ತಿದ್ದದ್ದು. ತಾಮ್ರ ತೆಳುವಾದದ್ದರಿಂದ ಒಂದು ಮೂಲೆಯಲ್ಲಿ ಸವೆದುಹೋಗಿ ಹಿಂದಿನ ಸೀಸ ಬೂದಿಬಣ್ಣಕ್ಕೆ ಇಣುಕುತ್ತಿತ್ತು. ಸ್ಕ್ರಬ್ಬರಿನ ಗೀರುಗಳು ನಾಲ್ಕೂ ಸಾಲಿನ ಮೇಲೆ ಅಡ್ಡಡ್ಡ ಓಡಿದ್ದವು. ಕೊನೆಯ ಸಾಲಿನ ಅಂಚು ಬೆರಳಿಗೆ ನುಣ್ಣಗೆ ಸಿಕ್ಕಿತು.

"ಎಷ್ಟು ಕಿಲುಬು ಹಿಡಿದಿತ್ತು ಗೊತ್ತಾ? ಎರಡು ಸಲ ಹುಣಸೆಹಣ್ಣು ನೆನೆಹಾಕಿದೆ," ಅಂದರು ಅತ್ತೆ. ಮುಖದ ಮೇಲೆ ಬೆವರು, ಹೆಮ್ಮೆ. "ನೀನು ಅವಳನ್ನ ಕರ್ಕೊಂಡು ಊರಿಗೆ ಹೊರಟಿದೀಯ. ಬರಿಗೈಲಿ ಕಳಿಸಬಾರದು, ಒಂದು ಪೂಜೆ ಮಾಡಿ ಕಳ್ಸೋಣ ಅಂತ."

ನಾನು ಕೂಗಿದೆ. ಏನೇನಂದೆನೋ ಎಲ್ಲ ನೆನಪಿಲ್ಲ. ನನ್ನ ಕೆಲಸ ಹೋಯಿತು, ನಿಮ್ಮಿಂದ ಹೋಯಿತು ಅಂದದ್ದು ನೆನಪಿದೆ. ಇದನ್ನು ಮುಟ್ಟಿದರೆ ಎತ್ತು ಕೊಡಬೇಕು ಅಂತ ಅದರ ಮೇಲೇ ಬರೆದಿದೆ, ಗೊತ್ತಾ ನಿಮಗೆ ಅಂದದ್ದೂ ನೆನಪಿದೆ.

ಅತ್ತೆ ಗಾಬರಿಯಾಗಿ ನನ್ನ ಮುಖ, ಫಲಕ, ಮತ್ತೆ ನನ್ನ ಮುಖ ನೋಡಿದರು. "ಪೂಜೆ ಮಾಡೋಕೆ ಮುಟ್ಟಿದ್ರೂನಾ?"

ಆ ಪ್ರಶ್ನೆಯನ್ನು ನನ್ನ ಪ್ರಬಂಧದಲ್ಲಿ ನಾನು ಕೇಳಿಯೇ ಇರಲಿಲ್ಲ.

ಗಂಡ ಮಹಡಿಯಿಂದ ಇಳಿದು ಬಂದರು. ವಿಷಯ ತಿಳಿದು ಮೊದಲು ಮಾಡಿದ ಕೆಲಸ ಅಂದರೆ ನಕ್ಕದ್ದು. "ಅಯ್ಯೋ, ಕಾಪಿ ತಾನೆ ಅದು? ಒರಿಜಿನಲ್ ಅಲ್ಲೇ ಇದೆಯಲ್ಲ. ಬೇಕಾದ್ರೆ ಇನ್ನೊಂದು ತ್ರೀಡಿ ಪ್ರಿಂಟ್ ಹಾಕ್ಸೋಣ." ಮಗಳು ಅವರ ಹಿಂದೆ ನಿಂತು, "ಮಮ್, ಇಟ್ಸ್ ಸೋ ಶೈನಿ!" ಅಂದಳು. ಅವಳ ಮೇಲೆ ನನಗೆ ಕೋಪವಿಲ್ಲ. ಅತ್ತೆಯ ಮೇಲೆ ಬಂದ ಕೋಪವೂ ಕೆಲವು ದಿನದ್ದು. ಆ ನಗುವನ್ನು ಮಾತ್ರ ನಾನು ಇವತ್ತಿನವರೆಗೂ ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ.

ಸಂಜೆ ಅರಿಶಿನ ಕುಂಕುಮಕ್ಕೆ ಕ್ಯಾಲಮ್‌ವೇಲ್‌ನ ಹೆಂಗಸರೆಲ್ಲ ರೇಷ್ಮೆ ಸೀರೆಯ ಮೇಲೆ ಜಾಕೆಟ್ಟು ಹಾಕಿಕೊಂಡು ಬಂದರು. ಒಬ್ಬೊಬ್ಬರೂ ಕಳಶಕ್ಕೆ ನಮಸ್ಕಾರ ಮಾಡಿ, ಹಾಗೇ ಪಕ್ಕದ ಮಣೆಗೂ ಕೈಮುಗಿದರು. "ಇದು ಯಾವ ಯಂತ್ರ ಆಂಟಿ? ಎಲ್ಲಿ ಮಾಡಿಸಿದ್ದು?" ಅಂತ ಒಬ್ಬಳು ಅತ್ತೆಯನ್ನು ಕೇಳಿದಳು. ಅತ್ತೆ ಅವಳ ಕೈಗೆ ಕುಂಕುಮದ ಬಟ್ಟಲು ಕೊಟ್ಟು ಒಳಗೆ ಹೋದರು. ನಾನು ತಾಂಬೂಲದ ತಟ್ಟೆ ಹಿಡಿದು ನಿಂತಿದ್ದೆ. ಮೈಸೂರಿನ ಮೇಷ್ಟ್ರ ಹಲ್ಲು ಕಡಿಯುವ ಸದ್ದು ನನ್ನ ದವಡೆಯಲ್ಲೇ ಕೇಳುತ್ತಿತ್ತು.

ಶನಿವಾರ, ಭಾನುವಾರ ಇದ್ದ ಬುದ್ಧಿಯನ್ನೆಲ್ಲ ಖರ್ಚು ಮಾಡಿ ಯೋಚಿಸಿದೆ. ಮತ್ತೆ ಕಪ್ಪು ಹಿಡಿಸೋಣವೇ? ಅದು ಮೋಸ. ತೆಗೆದುಕೊಂಡು ಹೋಗದೇ ಇರೋಣವೇ? ಅದು ಹೇಡಿತನ. ಕೊನೆಗೆ ಇರುವುದನ್ನು ಇದ್ದ ಹಾಗೆ ಹೇಳುವುದು ಅಂತ ತೀರ್ಮಾನಿಸಿ, ಕುಂಕುಮ ಒರೆಸಿ, ಅದೇ ಹಳೆಯ ಟವೆಲಿನಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿಟ್ಟು ಕಂದು ಟೇಪು ಸುತ್ತಿದೆ. ಡಬ್ಬಿ ಚೆನ್ನಾಗಿ ಕಾಣಲಿ ಅಂತ ಮಗಳು ಮುಚ್ಚಳದ ಸಂದಿನ ಮೇಲೆ ಒಂದು ಕೋಆಲಾ ಸ್ಟಿಕ್ಕರ್ ಅಂಟಿಸಿದಳು. ಹೊರಡುವಾಗ ಅತ್ತೆ ಬಾಗಿಲಿಗೆ ಬಂದು ನಿಂತರು. ನಾನು ಹೋಗ್ಬರ್ತೀನಿ ಅನ್ನಲಿಲ್ಲ.

ಅಡಿಲೇಡಿನಲ್ಲಿ ಮಳೆ, ಚಳಿ. ವಿಮಾನದಲ್ಲಿ ದಾರಿಯುದ್ದಕ್ಕೂ ಆಡಬೇಕಾದ ಮಾತು ಕಟ್ಟಿಕೊಂಡಿದ್ದೆ: ನಮ್ಮಲ್ಲಿ ಲೋಹವನ್ನು ಹೊಳೆಯುವಂತೆ ಇಡುವುದೇ ಗೌರವ, ಹೀಗಾಗಿ ಹೀಗಾಯಿತು, ಹೊಣೆ ನನ್ನದು. ಸಂದರ್ಶನದ ಕೋಣೆಯಲ್ಲಿ ಕೂತಿದ್ದವರಲ್ಲಿ ಒಬ್ಬರೂ ನನಗೆ ಪರಿಚಯದವರಲ್ಲ. ಮೇಜಿನ ಮೇಲೆ ಡಬ್ಬಿ ಇಟ್ಟು, ಇದು ನಿಮ್ಮ ಸಂಗ್ರಹದ ಪ್ರತಿ, ಇದಕ್ಕೆ ಹಾನಿಯಾಗಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ ಅಂದೆ.

"ಓ, ದಟ್ಸ್ ಫೈನ್," ಅಂದಳು ನಡುವೆ ಕೂತಿದ್ದವಳು. ಮೂಲೆಯಲ್ಲಿದ್ದ ಕುರ್ಚಿ ತೋರಿಸಿದಳು. ನಾನು ಡಬ್ಬಿಯನ್ನು ಅಲ್ಲಿಟ್ಟೆ.

ಆಮೇಲೆ ಕೇಳಿದ್ದೆಲ್ಲ ಬೇರೆ. ಎಷ್ಟು ವಿದ್ಯಾರ್ಥಿಗಳನ್ನು ತರಬಲ್ಲೆ? ಈ ವಿಷಯದಿಂದ ಉದ್ಯೋಗಕ್ಕೆ ಏನು ಉಪಯೋಗ? ಮೊದಲ ವರ್ಷದವರಿಗೆ ಪ್ರಬಂಧ ಬರೆಯುವುದನ್ನೂ ಹೇಳಿಕೊಡುತ್ತೀಯಾ? ದೆಕ್ಲೂನಾ ಹೆಸರನ್ನು ನಾನೇ ಒಂದು ಸಲ ತೆಗೆದೆ. ಒಬ್ಬ ಗಡಿಯಾರ ನೋಡಿದ. ಹೊರಡುವಾಗ ಡಬ್ಬಿಯ ಕಡೆ ಕೈ ತೋರಿಸಿದೆ. ಬಿಟ್ಟುಹೋಗಿ, ಆಮೇಲೆ ನೋಡುತ್ತೇವೆ ಅಂದರು.

ಕಾದೆ. ಕಳಿಸಿದ ಇಮೇಲಿಗೆ ಉತ್ತರವಿಲ್ಲ. ಅತ್ತೆಯ ವೀಸಾ ಮುಗಿಯಿತು, ಮೈಸೂರಿಗೆ, ನನ್ನ ಭಾವನವರ ಫ್ಲ್ಯಾಟಿಗೆ ಹಿಂತಿರುಗಿದರು. ಗಂಡನಿಗೆ ಪರ್ತಿನಲ್ಲಿ ಗಣಿ ಕಂಪನಿಯ ಕೆಲಸ ಸಿಕ್ಕಿತು. ಸಾಮಾನು ಕಟ್ಟುವಾಗ ಪತ್ರ ಬಂತು: ವಿಭಾಗವನ್ನು ಇನ್ನೊಂದರ ಜೊತೆ ಸೇರಿಸಿದ್ದಾರೆ, ಹುದ್ದೆಯನ್ನು ಮುಂದುವರಿಸುತ್ತಿಲ್ಲ, ನಿಮ್ಮ ಆಸಕ್ತಿಗೆ ವಂದನೆಗಳು. ಅದರಲ್ಲಿ ಫಲಕದ ಬಗ್ಗೆ ಒಂದು ಮಾತೂ ಇರಲಿಲ್ಲ. ಗಂಡ ಓದಿ, "ಹೋಗ್ಲಿ ಬಿಡು, ಹೆಂಗೂ ಪರ್ತ್‌ಗೆ ಹೋಗ್ತಾ ಇದೀವಲ್ಲ," ಅಂದರು. ಎಷ್ಟು ಸಲೀಸಾಗಿ ಅಂದರು.

ಡಬ್ಬಿ ಕ್ಯಾನಿಂಗ್ ವೇಲ್‌ಗೆ ಬಂದದ್ದು ನಾವು ಇಲ್ಲಿ ನೆಲೆಯಾದ ಮೇಲೆ. ಮೇಲೆ ನನ್ನ ಹೆಸರಿದ್ದದ್ದರಿಂದ ನನ್ನ ಸ್ವಂತದ್ದು ಅಂದುಕೊಂಡು ಹೊಸ ವಿಳಾಸಕ್ಕೆ ಕಳಿಸಿಬಿಟ್ಟಿದ್ದರು. ಹೊರಗಿನ ಕೊರಿಯರ್ ಚೀಲ ಹರಿದೆ. ಒಳಗೆ ನಾನು ಸುತ್ತಿದ ಕಂದು ಟೇಪು ಹಾಗೇ ಇತ್ತು. ಮುಚ್ಚಳದ ಸಂದಿನ ಮೇಲೆ ಮಗಳ ಕೋಆಲಾ ಅರ್ಧ ಆ ಕಡೆ, ಅರ್ಧ ಈ ಕಡೆ, ಒಂದಿಷ್ಟೂ ಹರಿಯದೆ ನನ್ನನ್ನು ನೋಡುತ್ತಿತ್ತು. ಯಾರೂ ತೆರೆದಿರಲಿಲ್ಲ. ನಾನು ಅಷ್ಟು ಕೂಗಾಡಿದ್ದು, ವಿಮಾನದಲ್ಲಿ ಮಾತು ಕಟ್ಟಿದ್ದು, ಬಾಗಿಲಲ್ಲಿ ನಿಂತ ಮುದುಕಿಗೆ ಹೋಗ್ಬರ್ತೀನಿ ಅನ್ನದೇ ಬಂದದ್ದು, ಎಲ್ಲ ಯಾರೂ ನೋಡದ ಒಂದು ವಸ್ತುವಿಗಾಗಿ. ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ಪ್ರೊಫೆಸರ್‌ಗೆ ಫೋನು ಮಾಡಿದೆ. ಆಕೆ ಆಗ ವೃದ್ಧಾಶ್ರಮದಲ್ಲಿದ್ದರು. ಕಾರಿಡಾರಿನ ಬೀರುವನ್ನು ಖಾಲಿ ಮಾಡಿದ್ದಾರಂತೆ. ಸುದ್ದಿ ಕೇಳಿ ಟ್ಯಾಕ್ಸಿ ಹಿಡಿದು, ಊರುಗೋಲು ಊರಿಕೊಂಡು ಹೋಗಿ ಕಟ್ಟಡದ ಹಿಂದಿನ ಕಸದ ತೊಟ್ಟಿಯಲ್ಲಿ ಇಣುಕಿ ನೋಡಿದರಂತೆ. ಅಷ್ಟರಲ್ಲಿ ತೊಟ್ಟಿಯನ್ನೂ ಬದಲಾಯಿಸಿದ್ದರು. "ಹಾಗಾದರೆ ಉಳಿದದ್ದು ನಿನ್ನ ಹತ್ತಿರ ಇರುವುದೊಂದೇ," ಅಂದರು ಇಂಗ್ಲಿಷಿನಲ್ಲಿ. ಹುಣಸೆಹಣ್ಣಿನ ಕಥೆ ಹೇಳಿದೆ. ಆಕೆ ಬಹಳ ಹೊತ್ತು ನಕ್ಕರು. ಆಕೆಯ ನಗು ನನಗೆ ನೋಯಲಿಲ್ಲ.

ಅತ್ತೆಗೆ ಮಾತ್ರ ಏನೂ ಹೇಳಿರಲಿಲ್ಲ. ಹುದ್ದೆ ಸಿಗಲಿಲ್ಲ ಅಂತ ಗಂಡ ಹೇಳಿದ್ದರು, ಅಷ್ಟೇ. ಆಮೇಲೆ ವಾರಕ್ಕೊಮ್ಮೆ ವಿಡಿಯೋ ಕಾಲಿನಲ್ಲಿ ಅವರು ನನ್ನನ್ನು ಕೇಳುತ್ತಿದ್ದದ್ದು ಒಂದೇ, ಊಟ ಆಯ್ತಾ.

ಈ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶ ತೋರಿಸೋಣ ಅಂತ ನಾನೇ ಫೋನು ಮಾಡಿದೆ. ಮೈಸೂರಿನ ಫ್ಲ್ಯಾಟಿನಲ್ಲಿ ಅವರ ಹಿಂದೆ ದೇವರಮನೆ ಕಾಣುತ್ತಿತ್ತು. ದೀಪದ ಕಂಬಗಳು ಮಂಕಾಗಿದ್ದವು. ನನಗೆ ಆಶ್ಚರ್ಯವಾಯಿತು.

"ಏನತ್ತೆ, ದೀಪ ತೊಳೆದಿಲ್ವಾ ಹಬ್ಬಕ್ಕೆ?"

"ನಿನ್ನ ವಾರಗಿತ್ತಿ ತೊಳೀತಾಳೆ, ಅವಳಿಗೆ ಟೈಮ್ ಆದಾಗ. ನಾನು ಈಗ ಯಾರ ಮನೇಲೂ ಏನೂ ಮುಟ್ಟೋಕ್ಕೆ ಹೋಗಲ್ಲಮ್ಮ."

ತಮಾಷೆಗೆ ಹೇಳಿದ ದನಿಯಲ್ಲ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ಆ ಕೈಗಳು ಕೆಲಸವಿಲ್ಲದೆ ಇದ್ದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ನನ್ನ ಕೆಲಸ ಹೋಗಿದ್ದು ತಮ್ಮಿಂದಲೇ ಅಂತ ಅವರು ಇಷ್ಟು ದಿನ ನಂಬಿಕೊಂಡು ಕೂತಿದ್ದರು.

"ಅತ್ತೆ, ಕೇಳಿ ಇಲ್ಲಿ. ಅವತ್ತು ಕೆಲಸ ಹೋಗಿದ್ದು ನೀವು ತೊಳೆದಿದ್ದಕ್ಕಲ್ಲ. ಅವರು ಆ ಡಬ್ಬಿ ತೆಗೀಲೇ ಇಲ್ಲ. ಹಂಗೇ ವಾಪಸ್ ಬಂತು. ಪಾಪು ಅಂಟಿಸಿದ್ದ ಸ್ಟಿಕ್ಕರೂ ಹರಿದಿಲ್ಲ."

ಈಗ ನೆಮ್ಮದಿಯ ಉಸಿರು ಬಿಡುತ್ತಾರೆ ಅಂದುಕೊಂಡೆ. ಅತ್ತೆ ಉಸಿರೇ ಬಿಡಲಿಲ್ಲ. ಮುಖ ನಿಧಾನವಾಗಿ ಕೆಂಪಾಯಿತು.

"ತೆಗೆದು ನೋಡ್ಲೂ ಇಲ್ವಾ?"

"ಇಲ್ಲ."

"ಅಷ್ಟು ದೂರ ಕರ್ಕೊಂಡು ಹೋಗಿದ್ದೆ. ನಾನು ಅಷ್ಟು ತಿಕ್ಕಿ ತೊಳೆದು ಕಳಿಸಿದ್ದೆ. ಅಮ್ಮನೋರು ಮನೆ ಬಾಗಿಲಿಗೆ ಹೋದ್ರೆ ಮುಖ ಕೂಡ ನೋಡ್ಲಿಲ್ವಾ? ಎಂಥಾ ಜನಾನೇ ಅವರು?" ಹಿಂದಿನಿಂದ ವಾರಗಿತ್ತಿ ಏನಾಯ್ತು ಅಂತ ಕೇಳಿದ್ದು ನನಗೆ ಕೇಳಿಸಿತು. "ನಿನ್ನನ್ನೂ ಹಂಗೇ ತಾನೆ ಕಳಿಸಿದ್ದು? ನೋಡದೇನೇ?"

"ಹೂಂ," ಅಂದೆ. ಗಂಡನೂ ಕೇಳದ, ಸ್ನೇಹಿತರೂ ಕೇಳದ ಪ್ರಶ್ನೆ ಅದು.

ಆಮೇಲೆ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಎಲ್ಲಿದಾಳೆ, ತೋರ್ಸು," ಅಂದರು. ಡಬ್ಬಿಯನ್ನು ಬೀರುವಿನ ಮೇಲಿಂದ ಇಳಿಸಿದೆ. ಬಂದ ದಿನದಿಂದ ಅದನ್ನು ನಾನೂ ತೆರೆದಿರಲಿಲ್ಲ. ಕೋಆಲಾ ಸ್ಟಿಕ್ಕರಿನ ನಡುವೆ ಚಾಕು ಆಡಿಸಿ, ಟವೆಲು ಬಿಚ್ಚಿ, ಫಲಕವನ್ನು ಕ್ಯಾಮೆರಾದ ಮುಂದೆ ಹಿಡಿದೆ. ಅತ್ತೆ ಕನ್ನಡಕ ಹಾಕಿಕೊಂಡು ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದರು. ತೆರೆಯ ತುಂಬ ಅವರ ಒಂದು ಕಣ್ಣು, ಹಣೆಯ ಕುಂಕುಮ.

"ಥೂ, ಮತ್ತೆ ಕಪ್ಪಾಗಿದಾಳಲ್ಲೇ," ಅಂದರು. "ಮನೇಲಿ ಹುಣಸೆಹಣ್ಣು ಇದೆಯಾ?"

"ಇದೆ ಅತ್ತೆ," ಅಂದೆ.